ಅನೇಕ ಗುರುಗಳ ಏಕನಿಷ್ಠ ಶಿಷ್ಯ

ಒಬ್ಬ ಗುರುವಿನಲ್ಲಿ ಕಲಿತ ಶಿಷ್ಯನು ಮತ್ತೊಬ್ಬರ ಬಾಗಿಲಿಗೆ ಹೋದನೆಂದರೆ ಅದನ್ನು ದ್ರೋಹವೆಂದೇ ಎಣಿಸುವವರು ನಮ್ಮ ಸಂಗೀತ ಪ್ರಪಂಚದಲ್ಲಿ ಇಲ್ಲದಿಲ್ಲ. ಅಂಥವರು, ಗಾಯಕರೂ ಪಿಟೀಲುವಾದಕರೂ ಆಗಿದ್ದ ಪಂಡಿತ ಗಜಾನನಬುವಾ ಜೋಶಿಯವರ ಜೀವನವನ್ನು ಒಮ್ಮೆ ಪರ್ಯಾಲೋಚಿಸಬೇಕೆಂದು ನಾವು ಬಿನ್ನವಿಸುತ್ತೇವೆ.

1911ರಲ್ಲಿ ಮುಂಬಯಿಯಲ್ಲಿ ಜನಿಸಿದ ಬುವಾ ಅವರಿಗೆ ಸಂಗೀತವು ಪಿತ್ರಾರ್ಜಿತ ಸೊತ್ತು. ತಂದೆ ಅಂತುಬುವಾ ಅವರು ಗ್ವಾಲಿಯರ ಪರಂಪರೆಯನ್ನು ಮಹಾರಾಷ್ಟ್ರದಲ್ಲಿ ನೆಲೆಗೊಳಿಸಿದ ಬಾಳಕೃಷ್ಣಬುವಾ ಇಚಲಕರಂಜೀಕರರ ಶಿಷ್ಯರು. ಆ ಸೊತ್ತೊಂದರಿಂದಲೇ ಮಗನು ಕೀರ್ತಿಯನ್ನು ಪಡೆಯಬಹುದಾಗಿತ್ತು. ಆದರೆ ಅಷ್ಟಕ್ಕೆ ತೃಪ್ತರಾಗದೆ ಅವರು ರಾಮಕೃಷ್ಣಬುವಾ ವಝೆಯವರಲ್ಲಿಯೂ, ಜಯಪುರ–ಅತ್ರೌಲಿ ಘರಾಣೆಯ ಭೂರ್ಜಿಖಾನರಲ್ಲಿಯೂ, ಆಗ್ರಾದ ವಿಲಾಯತ ಹುಸೇನಖಾನರಲ್ಲಿಯೂ ಶಿಷ್ಯವೃತ್ತಿಯನ್ನು ಕೈಕೊಂಡರು.

ಇದೇನು ಸಾಮಾನ್ಯ ಸಾಹಸವೇ? ಬಂದಿಶವನ್ನು ಅಚ್ಚುಕಟ್ಟಾಗಿ ಹರವಿ ನಿರ್ಮಲವಾದ ತಾನುಗಳಿಂದ ಬೆಳೆಸುವುದು ಗ್ವಾಲಿಯರದ ರೀತಿ. ನೋಂ–ತೋಂ ಆಲಾಪವೂ ಲಯದೊಡನೆ ಸೆಣಸಾಟವೂ ಆಗ್ರಾದ ಹೆಮ್ಮೆ. ಅಪರೂಪದ ಜೋಡುರಾಗಗಳೂ ಬಳ್ಳಿಯಂತೆ ಸುತ್ತಿ ಹೋಗುವ ತಾನುಗಳೂ ಜಯಪುರದ ವೈಶಿಷ್ಟ್ಯ. ಒಂದನ್ನು ಸಾಧಿಸುವುದಕ್ಕೇ ಜನ್ಮ ಸಾಲದೆನ್ನುವರು. ಮೂರನ್ನೂ ಹಿಡಿದವನು ಕಲಬೆರಕೆ ಮಾಡಿಯಾನೆಂಬ ಭಯವೂ ನಿರಾಧಾರವಲ್ಲ. ಆ ಭಯಕ್ಕೆ ಬುವಾ ಅವರ ಶಿಷ್ಯಸಂಪತ್ತೇ ಉತ್ತರ. ಅವರ ಶಿಷ್ಯರಾದ ಉಲ್ಹಾಸ ಕಶಾಳಕರರು ಮೂರು ಗಾಯಕಿಗಳನ್ನೂ ಒಂದಕ್ಕೊಂದು ಬೆರೆಸದೆ ಅದರದರ ಚೆಲುವಿನಲ್ಲಿ ಹಾಡಬಲ್ಲವರೆಂದು ರಸಿಕರೆಲ್ಲರೂ ಬಲ್ಲರು.

ಪಿಟೀಲಿನ ಸಂಗತಿಯೂ ಹೀಗೆಯೇ. ಪಾಶ್ಚಾತ್ಯರಿಂದ ಬಂದ ಈ ವಾದ್ಯವನ್ನು ದಕ್ಷಿಣದ ವಿದ್ವಾಂಸರು ಹತ್ತೊಂಬತ್ತನೆಯ ಶತಮಾನದಲ್ಲಿಯೇ ತಮ್ಮದಾಗಿಸಿಕೊಂಡಿದ್ದರು. ಹಿಂದುಸ್ತಾನಿ ಪದ್ಧತಿಯಲ್ಲಿ ಅದಕ್ಕೆ ಸ್ವತಂತ್ರ ವಾದ್ಯದ ಮನ್ನಣೆಯನ್ನು ದೊರಕಿಸಿದವರಲ್ಲಿ ಬುವಾ ಅವರೂ ಒಬ್ಬರು. ವೀಣೆಗಿರುವ ಮೆಟ್ಟುಗಳು ಪಿಟೀಲಿಗಿಲ್ಲ. ಆದುದರಿಂದ ಕಂಠದ ಮೀಂಡು ತುಂಡಾಗದೆ ತಂತಿಯ ಮೇಲೆ ಜಾರಬಲ್ಲದು. ಹಾಡಬಲ್ಲವನ ಕೈಯಲ್ಲಿ ಕಮಾನೂ ಹಾಡುವುದು.

ಭೂರ್ಜಿಖಾನರ ಹೆಸರು ಕನ್ನಡಿಗರಿಗೆ ಹೊಸದಲ್ಲ. ನಮ್ಮ ಮಲ್ಲಿಕಾರ್ಜುನ ಮನಸೂರರೂ ಮೊದಲು ನೀಲಕಂಠಬುವಾ ಅವರಲ್ಲಿ ಗ್ವಾಲಿಯರ ಗಾಯಕಿಯನ್ನು ಕಲಿತು, ಆಮೇಲೆ ಮಂಜಿಖಾನರನ್ನು ಆಶ್ರಯಿಸಿ, ಅವರು ತೀರಿಕೊಂಡ ಬಳಿಕ ಅವರ ತಮ್ಮಂದಿರಾದ ಇದೇ ಭೂರ್ಜಿಖಾನರಲ್ಲಿ ಅಭ್ಯಾಸವನ್ನು ಮುಂದುವರಿಸಿದರು. ಮನಸೂರರ ಗುರುಭಕ್ತಿಯನ್ನು ಸಂಶಯಿಸುವ ಧೈರ್ಯ ಯಾರಿಗುಂಟು?

1972ರಲ್ಲಿ ಸಂಗೀತ ನಾಟಕ ಅಕಾಡೆಮಿಯ ಪುರಸ್ಕಾರವು ಬುವಾ ಅವರಿಗೆ ಸಂದಿತು. 1987ರಲ್ಲಿ ಅವರು ದಿವಂಗತರಾದರು. ಆದರೆ ಬಿರುದಿಗಿಂತ ಬಾಳು ದೊಡ್ಡದು. ಅದು ಎರಡು ಪಕ್ಷದವರಿಗೂ ಪಾಠ ಹೇಳುವುದು. ವರ್ಷಕ್ಕೊಬ್ಬ ಗುರುವನ್ನು ಬದಲಿಸುವ ಚಾಂಚಲ್ಯವನ್ನು ಶಿಷ್ಯರು ಔದಾರ್ಯವೆಂದು ಭ್ರಮಿಸದಿರಲಿ. ಶಿಷ್ಯನು ತಮ್ಮ ಆಸ್ತಿಯೆಂದು ಗುರುಗಳೂ ಬಗೆಯದಿರಲಿ. ಊರೂರಿನ ಸಂಗೀತ ಶಾಲೆಗಳಲ್ಲಿ ಮಕ್ಕಳಿಗೆ ಸ್ವರ ಹೇಳಿಕೊಡುವ ಉಪಾಧ್ಯಾಯರು ಇದನ್ನು ಮನಗಂಡರೆ ಸಾಕು. ನಿಷ್ಠೆಯು ವಿದ್ಯೆಗೆ ಸಲ್ಲತಕ್ಕದ್ದು, ಬೇಲಿಗಲ್ಲ.