48 ಗಂಟೆಯ ಗಡುವು ರೈತನಿಗೆ ಮಾತ್ರವೇ?

‘ಕಾಡು ಒತ್ತುವರಿ ಮಾಡಿದವರು ನೀವೇ, ಈಗ ಆನೆ ಬಂತೆಂದು ಅಳುವುದೇಕೆ?’ ಸಕಲೇಶಪುರ, ಆಲೂರು, ಬೇಲೂರಿನ ಕಡೆ ಆನೆ ತುಳಿದು ಯಾರಾದರೂ ಸತ್ತಾಗಲೆಲ್ಲ ಈ ಮಾತು ಬಂದೇ ಬರುತ್ತದೆ. ಹೆಣ ಮನೆ ಸೇರುವ ಮೊದಲೇ ಬರುತ್ತದೆ. ಹೇಳುವವರಿಗೆ ಈ ಸೀಮೆಯ ಚರಿತ್ರೆಯೂ ಗೊತ್ತಿಲ್ಲ, ತಿಳಿಯುವ ಮನಸ್ಸೂ ಇಲ್ಲ.

ಒತ್ತುವರಿಯ ಲೆಕ್ಕ ತೆಗೆಯುವುದಾದರೆ ದೊಡ್ಡದರಿಂದಲೇ ತೆಗೆಯೋಣ. ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಕಟ್ಟಿ ಊರು, ಗದ್ದೆ ಮುಳುಗಿಸಿ, ಸಂತ್ರಸ್ತರಿಗೆ ಮಲೆನಾಡಿನ ಅಂಚಿನಲ್ಲಿ ಜಮೀನು ಹಂಚಿದ್ದು ಯಾರು? ಸಕಲೇಶಪುರದ ಗುಡ್ಡ ಅಗೆದು ಎತ್ತಿನಹೊಳೆ ಪೈಪು ಹೂತಿದ್ದು ಯಾರು? ಸಹಜ ಕಾಡು ಕಡಿದು ತೇಗ, ನೀಲಗಿರಿ, ಅಕೇಶಿಯಾ ನೆಟ್ಟಿದ್ದು ಯಾರು? ಹುಲ್ಲು, ಬಿದಿರು ಇದ್ದ ಕಡೆಯೆಲ್ಲ ಲಂಟಾನ ಹಬ್ಬುವಾಗ ನೋಡುತ್ತ ಕೂತಿದ್ದು ಯಾರು? ಇದ್ಯಾವುದೂ ಎರಡೆಕರೆ ರೈತನ ಕೆಲಸವಲ್ಲ. ಕಾಡಿನಲ್ಲಿ ಮೇವು ಸಿಗದ ಆನೆ ಬರುವುದು ಮಾತ್ರ ಅವನ ಎರಡೆಕರೆಗೇ.

2023ರ ಗಣತಿಯಲ್ಲಿ ರಾಜ್ಯದ ಆನೆಗಳ ಸಂಖ್ಯೆ 6,395. ದೇಶದಲ್ಲೇ ನಾವು ಮೊದಲು ಎಂದು ಸರ್ಕಾರ ಬೀಗಿತು. ಬೆಳೆದ ಆನೆಗೆ ದಿನಕ್ಕೆ ಸುಮಾರು 150 ಕಿಲೋ ಮೇವು ಬೇಕು. ಹೆಮ್ಮೆ ಇಡೀ ರಾಜ್ಯದ್ದು, ಮೇವಿನ ಖರ್ಚು ಕಾಡಂಚಿನವರದ್ದು ಎಂದರೆ ಅದು ಯಾವ ಸೀಮೆಯ ನ್ಯಾಯ?

ಭತ್ತ ಹಾಲುಗಟ್ಟುವ ಹೊತ್ತಿಗೇ ಹಿಂಡು ಗದ್ದೆಗೆ ಇಳಿಯುತ್ತದೆ. ತಿಂದದ್ದಕ್ಕಿಂತ ತುಳಿದದ್ದು ಹೆಚ್ಚು. ಬೆಳಿಗ್ಗೆ ನೋಡಿದರೆ ಬದು ಕುಸಿದಿರುತ್ತದೆ, ಹೆಜ್ಜೆಗುಂಡಿಗಳಲ್ಲಿ ನೀರು ನಿಂತಿರುತ್ತದೆ, ತೆನೆ ಕೆಸರಿನಲ್ಲಿ ಹೂತಿರುತ್ತದೆ. ತೋಟದಲ್ಲಿ ಬೈನೆ ಮರ ಸೀಳಿ ಬಿದ್ದಿರುತ್ತದೆ. ಅದರಡಿ ಕಾಫಿ ಗಿಡಗಳು ಬುಡಸಮೇತ ಮುರಿದಿರುತ್ತವೆ. ಹೊಸ ಗಿಡ ಫಸಲಿಗೆ ಬರಲು ಮೂರು ನಾಲ್ಕು ವರ್ಷ ಬೇಕು.

ಆಮೇಲೆ ಶುರುವಾಗುವುದು ಕಚೇರಿಯ ಅಲೆದಾಟ. ಪಹಣಿ ತಾ, ಫೋಟೊ ತಾ, ಪಾಸ್‌ಬುಕ್ ತಾ. ಪಹಣಿ ಇನ್ನೂ ಅಜ್ಜನ ಹೆಸರಲ್ಲಿದ್ದರೆ ಅರ್ಜಿ ಅಲ್ಲೇ ನಿಂತಿತು. ಗೇಣಿಗೆ ಮಾಡಿದವನಿಗೆ, ಬಗರ್‌ಹುಕುಂ ಸಾಗುವಳಿದಾರನಿಗೆ ಕಾಗದವೇ ಇಲ್ಲ. ಮಹಜರಿಗೆ ಸಿಬ್ಬಂದಿ ಬರುವ ಹೊತ್ತಿಗೆ ಮಳೆ ಬಂದು ಹೆಜ್ಜೆ ಗುರುತೂ ಅಳಿಸಿರುತ್ತದೆ.

ಈಗ ಕಾನೂನು ನೋಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 39ನೇ ಸೆಕ್ಷನ್ ಪ್ರಕಾರ ಸತ್ತು ಬಿದ್ದ ಕಾಡಾನೆ ಸರ್ಕಾರದ ಆಸ್ತಿ, ಅದರ ದಂತವೂ ಸರ್ಕಾರದ್ದೇ. ಅಂಥ ಆಸ್ತಿ ನಿಮ್ಮ ಕೈಗೆ ಬಂದರೆ 48 ಗಂಟೆಯೊಳಗೆ ತಿಳಿಸಬೇಕು, ಇಲ್ಲವಾದರೆ ಕೇಸು. ಸತ್ತ ಆನೆಯ ಮೇಲೆ ಇಷ್ಟು ಕಟ್ಟುನಿಟ್ಟಿನ ಹಕ್ಕು ಸಾಧಿಸುವ ಸರ್ಕಾರ, ಅದೇ ಆನೆ ಬದುಕಿದ್ದಾಗ ಮಾಡಿದ ನಷ್ಟಕ್ಕೆ ಮಾತ್ರ ದಯೆ ತೋರಿಸಿದಂತೆ ಕಾಸು ಕೊಡುತ್ತದೆ. ದಂತ ಹಕ್ಕಿನಿಂದ ಸರ್ಕಾರದ್ದಾದರೆ, ತುಳಿದ ಗದ್ದೆಯ ಸಾಲವೂ ಸರ್ಕಾರದ್ದೇ.

ನಗರದವರಿಗೂ ಒಂದು ಮಾತಿದೆ. ಬೆಂಗಳೂರಿನ ನಲ್ಲಿಯಲ್ಲಿ ಬರುವುದು ಕೊಡಗಿನಲ್ಲಿ ಹುಟ್ಟಿದ ಕಾವೇರಿ. ವಾರದ ಕೊನೆಗೆ ಕಾರುಗಳು ಬರುವುದು ನಮ್ಮ ಗುಡ್ಡಗಳ ರೆಸಾರ್ಟುಗಳಿಗೆ. ಆನೆದಾರಿಯ ಪಕ್ಕದಲ್ಲೇ ಈಜುಕೊಳ ಕಟ್ಟಿಸಿದವರನ್ನು ಒತ್ತುವರಿದಾರ ಎಂದು ಯಾರೂ ಕರೆಯುವುದಿಲ್ಲ. ಅವರ ಬಳಿ ಜೀಪು ಇದೆ. ಬೆಳಗಿನ ಮಂಜಿನಲ್ಲಿ ಲೈನ್ ಮನೆಯಿಂದ ಬುತ್ತಿ ಹಿಡಿದು ಕೆಲಸಕ್ಕೆ ನಡೆದುಹೋಗುವ ಕೂಲಿ ಹೆಂಗಸಿನ ಬಳಿ ಏನಿದೆ? ಸಹಬಾಳ್ವೆಯ ಉಪದೇಶ ಅವಳ ಜೊತೆ ಒಂದು ವಾರ ನಡೆದವರಿಂದ ಬರಲಿ, ಕೇಳುತ್ತೇವೆ.

ಆನೆಯನ್ನಾದರೂ ಈ ವ್ಯವಸ್ಥೆ ಉಳಿಸಿತೇ? ದಸರೆಯಲ್ಲಿ ಎಂಟು ಬಾರಿ ಅಂಬಾರಿ ಹೊತ್ತ ಸಾಕಾನೆ ಅರ್ಜುನನನ್ನು ಅರವತ್ತು ದಾಟಿದ ಮೇಲೂ ಕಾಡಾನೆ ಹಿಡಿಯಲು ಕಳಿಸಿದರು. 2023ರ ಡಿಸೆಂಬರ್ 4ರಂದು ಯಸಳೂರಿನ ಕಾಡಿನಲ್ಲಿ ಒಂಟಿ ಸಲಗದ ದಾಳಿಗೆ ಅವನು ಸತ್ತ. ನಾಡೆಲ್ಲ ಅತ್ತಿತು, ಅಳಬೇಕಾದ್ದೇ. ಅದೇ ಸೀಮೆಯಲ್ಲಿ ಸತ್ತ ಕೂಲಿಗಳ ಹೆಸರು ಯಾರಿಗೆ ನೆನಪಿದೆ?

ದಾರಿ ಗೊತ್ತಿಲ್ಲ ಎಂಬ ನೆಪ ಬೇಡ. ಹೈಕೋರ್ಟ್ ಆದೇಶದಂತೆ ರಚನೆಯಾದ, ರಾಮನ್ ಸುಕುಮಾರ್ ನೇತೃತ್ವದ ಕಾರ್ಯಪಡೆ 2012ರಲ್ಲೇ ವರದಿ ಕೊಟ್ಟಿತ್ತು: ಎಲ್ಲಿ ಆನೆಗೆ ಮೊದಲ ಆದ್ಯತೆ, ಎಲ್ಲಿ ಸಹಬಾಳ್ವೆ, ಎಲ್ಲಿಂದ ಸ್ಥಳಾಂತರ ಎಂದು ಬಿಡಿಸಿ ಹೇಳಿತ್ತು. ಆಲೂರಿನ ಕಡೆಯಿಂದ ಇಪ್ಪತ್ತಕ್ಕೂ ಹೆಚ್ಚು ಆನೆ ಹಿಡಿದರು. ಬರುವ ದಾರಿ ಹಾಗೇ ಬಿಟ್ಟರು. ಬೇರೆ ಆನೆಗಳು ಬಂದವು. ಅಲ್ಲಲ್ಲಿ ತುಂಡಾದ ರೈಲ್ವೆ ಹಳಿಯ ತಡೆಬೇಲಿಯಿಂದ ಆನೆ ನಿಲ್ಲುವುದಿಲ್ಲ, ಪಕ್ಕದ ಊರಿಗೆ ಹೋಗುತ್ತದೆ.

ನಮ್ಮ ಬೇಡಿಕೆ ಸ್ಪಷ್ಟ. ಬೇಲಿ ಹಾಕುವುದಾದರೆ ಕೊನೆಯವರೆಗೆ ಹಾಕಿ. ಕಾಡಿನೊಳಗೆ ಲಂಟಾನ ಕಿತ್ತು ಹುಲ್ಲು, ಬಿದಿರು ಬೆಳೆಸಿ. ಪಹಣಿ ಯಾರ ಹೆಸರಲ್ಲೇ ಇರಲಿ, ಉತ್ತವನಿಗೆ ಹಣ ಕೊಡಿ. ದೂರು ಕೊಟ್ಟ 48 ಗಂಟೆಯೊಳಗೆ ಗದ್ದೆಗೆ ಬಂದು ಮಹಜರು ಮಾಡಿ. ತಪ್ಪಿದ ಅಧಿಕಾರಿಯ ಸಂಬಳದಿಂದ ದಂಡ ಹಿಡಿಯುವ ನಿಯಮ ಈ ಅಧಿವೇಶನದಲ್ಲೇ ಬರಲಿ.