‘ಆಗಿ’ ಒಂದೇ ಬಾಗಿಲಲ್ಲ

ಹೊರನಾಡಿನ ಮನೆಗಳ ಕನ್ನಡದಲ್ಲಿ ಮೊದಲು ಸವೆಯುವುದು ನಾಮಪದವಲ್ಲ, ಕ್ರಿಯಾಪದವೂ ಅಲ್ಲ ಎಂಬುದು ನನ್ನ ಗ್ರಹಿಕೆ. ಅನ್ನ, ಸಾರು, ಬಾ, ಹೋಗು ಎಂಬ ಮಾತುಗಳು ಮುಂಬೈ, ದೆಹಲಿಗಳಲ್ಲಿ ಹುಟ್ಟಿ ಬೆಳೆದ ಮಕ್ಕಳ ಬಾಯಲ್ಲೂ ಉಳಿಯುತ್ತವೆ. ಸದ್ದಿಲ್ಲದೆ ಜಾರಿಹೋಗುವುದು ಕ್ರಿಯಾವಿಶೇಷಣ. ‘ಬೇಗ ಬಾ’ ಎಂಬುದು ‘ಫಾಸ್ಟಾಗಿ ಬಾ’ ಆಗುತ್ತದೆ. ‘ಮೆಲ್ಲಗೆ ಇಡು’ ಎಂಬುದು ‘ಸ್ಲೋ ಆಗಿ ಇಡು’ ಆಗುತ್ತದೆ. ಬೆಂಗಳೂರಿನಲ್ಲೂ ಹೀಗೆಯೇ ಅಲ್ಲವೇ ಎಂದು ನೀವು ಕೇಳಬಹುದು. ನಿಜ. ಆದರೆ ಅಲ್ಲಿ ಮನೆಯ ಹೊರಗೂ ‘ಮೆಲ್ಲಗೆ’ ಕಿವಿಗೆ ಬೀಳುತ್ತಿರುತ್ತದೆ. ನಮ್ಮಲ್ಲಿ ಮನೆಯವರು ಆಡದಿದ್ದರೆ ಆ ಪದ ಇಲ್ಲವೇ ಇಲ್ಲ.

ಇಂಗ್ಲಿಷ್ ಪದ ಒಳಬಂದಿತೆಂಬುದು ನನ್ನ ದೂರಲ್ಲ. ಯಾವ ಭಾಷೆಯ ಪದವನ್ನಾದರೂ ಒಳಗೆ ಕರೆದುಕೊಳ್ಳುವ ಔದಾರ್ಯ ‘ಆಗಿ’ಗೆ ಹುಟ್ಟಿನಿಂದಲೇ ಇದೆ. ‘ಆಗು’ ಧಾತುವಿನಿಂದ ಬಂದ ರೂಪವದು. ತೆಲುಗಿನ ‘ಗಾ’, ತಮಿಳಿನ ‘ಆಗ’, ಮಲಯಾಳದ ‘ಆಯಿ’ ಇದೇ ಬೇರಿನ ಕುಡಿಗಳು. ಹೈದರಾಬಾದ್, ಚೆನ್ನೈಗಳ ಕನ್ನಡಿಗರು ನೆರೆಯವರ ಮಾತಿನಲ್ಲಿ ಇದನ್ನು ದಿನವೂ ಕೇಳುತ್ತಾರೆ. ಬೇರೆ ಭಾಷೆಗಳ ದಾರಿಗಳು ಬೇರೆ. ಇಂಗ್ಲಿಷಿನ ‘ಲಿ’ ಪ್ರತ್ಯಯದ ಮೂಲದಲ್ಲಿ ‘ದೇಹ’ ಎಂಬ ಅರ್ಥದ ಹಳೆಯ ಪದವಿದೆ. ಫ್ರೆಂಚಿನ ‘ಮಾಂ’ ಪ್ರತ್ಯಯ ‘ಮನಸ್ಸಿನಿಂದ’ ಎಂಬರ್ಥದ ಲ್ಯಾಟಿನ್ ರೂಪದಿಂದ ಬಂದದ್ದು. ಸಂಸ್ಕೃತವು ‘ಶೀಘ್ರಂ ಗಚ್ಛತಿ’ ಎಂದು ವಿಶೇಷಣಕ್ಕೆ ನಪುಂಸಕಲಿಂಗದ ದ್ವಿತೀಯಾ ಏಕವಚನವನ್ನು ತೊಡಿಸುತ್ತದೆ. ಒಂದು ಕಡೆ ದೇಹ, ಇನ್ನೊಂದು ಕಡೆ ಮನಸ್ಸು, ನಮ್ಮಲ್ಲಿ ‘ಆಗುವಿಕೆ’.

ತೊಡಕಿರುವುದು ಇಂಗ್ಲಿಷಿನ ‘ಲಿ’ ಕಂಡಲ್ಲೆಲ್ಲ ಕಣ್ಣುಮುಚ್ಚಿ ‘ಆಗಿ’ ಹಚ್ಚುವ ಅನುವಾದದ ಅಭ್ಯಾಸದಲ್ಲಿ. ಇಂಗ್ಲಿಷಿನ ಕ್ರಿಯಾವಿಶೇಷಣ ಎರಡು ಕೆಲಸ ಮಾಡುತ್ತದೆ. ಕ್ರಿಯೆ ನಡೆದ ರೀತಿಯನ್ನು ಹೇಳುವುದು ಒಂದು. ಇಡೀ ವಾಕ್ಯದ ಬಗ್ಗೆ ಮಾತನಾಡುವವನ ಅಭಿಪ್ರಾಯವನ್ನು ಸೂಚಿಸುವುದು ಇನ್ನೊಂದು. ಎರಡನೆಯದರ ಬಗ್ಗೆ ಇಂಗ್ಲಿಷಿನವರೇ ಬಹುಕಾಲ ಜಗಳವಾಡಿದ್ದಾರೆ. ‘ಹೋಪ್‌ಫುಲಿ’ ಎಂಬುದನ್ನು ವಾಕ್ಯದ ತಲೆಗೆ ಕಟ್ಟಿ ‘ಹಾಗಾಗಲೆಂದು ಆಶಿಸೋಣ’ ಎಂಬರ್ಥದಲ್ಲಿ ಬಳಸಲು ಅಸೋಸಿಯೇಟೆಡ್ ಪ್ರೆಸ್‌ನ ಶೈಲಿ ಕೈಪಿಡಿ ಒಪ್ಪಿದ್ದು 2012ರಲ್ಲಿ. ಕನ್ನಡದ ‘ಆಗಿ’ಯಾದರೋ ಬಹುಮಟ್ಟಿಗೆ ಕ್ರಿಯೆಗೇ ಅಂಟಿಕೊಳ್ಳುತ್ತದೆ. ‘ಸ್ಪಷ್ಟವಾಗಿ ಅವನು ಸುಳ್ಳು ಹೇಳಿದ್ದಾನೆ’ ಎಂದರೆ ಅವನು ಅಕ್ಷರ ಅಕ್ಷರವೂ ಕೇಳುವಂತೆ, ಉಚ್ಚಾರ ತಪ್ಪದೆ ಸುಳ್ಳು ಹೇಳಿದ ಎಂದಾಗುತ್ತದೆ! ‘ಅವನು ಹೇಳಿದ್ದು ಸುಳ್ಳೆಂಬುದು ಸ್ಪಷ್ಟ’ ಎಂದರೆ ಸಾಕಿತ್ತು. ‘ಸದ್ಯ, ಮಳೆ ನಿಂತಿತು’, ‘ಪಾಪ, ಸಂಜೆಯವರೆಗೆ ಕಾದರು’, ‘ರಾಜೀನಾಮೆ ಕೊಟ್ಟರಂತೆ’ ಎನ್ನುವಾಗ ನಮ್ಮ ನೆಮ್ಮದಿ, ಕನಿಕರ, ‘ಕೇಳಿದ ಸುದ್ದಿ, ಹೊಣೆ ನನ್ನದಲ್ಲ’ ಎಂಬ ಎಚ್ಚರ ಎಲ್ಲವೂ ‘ಆಗಿ’ಯ ಹಂಗಿಲ್ಲದೆ ಮೂಡುತ್ತವೆ.

ಇದು ಬರಿಯ ಸೊಗಸಿನ ಪ್ರಶ್ನೆಯಲ್ಲ. ಕಡತಗಳ ನಡುವೆ ದುಡಿಯುವ ನನ್ನಂಥವರಿಗೆ ಒಂದು ಕ್ರಿಯಾವಿಶೇಷಣದ ಬೆಲೆ ಚೆನ್ನಾಗಿ ಗೊತ್ತು. ‘ನೌಕರನು ಉದ್ದೇಶಪೂರ್ವಕವಾಗಿ ಮಾಹಿತಿ ನೀಡಲಿಲ್ಲ’ ಎಂಬ ವಾಕ್ಯವನ್ನು ನೋಡಿ. ಬೇಕೆಂದೇ ಮಾಹಿತಿಯನ್ನು ಮುಚ್ಚಿಟ್ಟನೇ? ಅಥವಾ ಮಾಹಿತಿ ಹೊರಗೆ ಹೋದದ್ದು ಅವನು ಬೇಕೆಂದು ಮಾಡಿದ್ದಲ್ಲವೇ? ಮೊದಲನೆಯದು ಆರೋಪ, ಎರಡನೆಯದು ರಕ್ಷಣೆ. ಇಂಗ್ಲಿಷ್ ಇದನ್ನು ಪದದ ಸ್ಥಾನ ಬದಲಿಸಿ ಬಗೆಹರಿಸುತ್ತದೆ. ನಮ್ಮ ‘ಇಲ್ಲ’ ಕ್ರಿಯಾಪದದ ಬಾಲದಲ್ಲೇ ಇರುವುದರಿಂದ ಆ ಉಪಾಯ ನಮಗೆ ಒದಗದು. ನಮ್ಮ ಉಪಾಯ ಬೇರೆ: ‘ಬೇಕೆಂದೇ ನೀಡಲಿಲ್ಲ’, ‘ನೀಡಿದ್ದು ಬೇಕೆಂದಲ್ಲ’. ಅವಧಾರಣೆಯ ಒಂದು ‘ಏ’ಕಾರ, ‘ಅಲ್ಲ’ದ ಒಂದು ತಿರುವು ಒಬ್ಬನ ನೌಕರಿಯನ್ನು ಉಳಿಸಬಲ್ಲವು.

ಕನ್ನಡಕ್ಕೆ ಇಂಥ ಬಾಗಿಲುಗಳು ಹಲವು. ‘ಓಡುತ್ತಾ ಬಂದ’, ‘ಹೇಳದೆ ಹೋದ’ ಎನ್ನುವಲ್ಲಿ ಒಂದು ಕ್ರಿಯೆಯೇ ಇನ್ನೊಂದಕ್ಕೆ ವಿಶೇಷಣವಾಗುತ್ತದೆ. ‘ಓದಿಬಿಟ್ಟ’ ಎಂಬುದರ ‘ಬಿಟ್ಟ’ದೊಳಗೆ ‘ಪೂರ್ತಿಯಾಗಿ’ ಎಂಬ ಅರ್ಥ ಅಡಗಿದೆ. ಗಬಗಬ, ಜಿಟಿಜಿಟಿ, ಥಟ್ಟನೆ ಮುಂತಾದ ಅನುಕರಣಾವ್ಯಯಗಳಂತೂ ಒಂದು ಸಂಪತ್ತು. ಕೇಶಿರಾಜನು 13ನೆಯ ಶತಮಾನದ ಶಬ್ದಮಣಿದರ್ಪಣದಲ್ಲಿ ಅವ್ಯಯಗಳಿಗೆಂದೇ ಒಂದು ಪ್ರಕರಣವನ್ನು ಮೀಸಲಿಟ್ಟ. ಇನ್ನು ‘ಸುಮ್ಮನೆ ಬಂದೆ’ ಎನ್ನುವ ಅತಿಥಿಯ ‘ಸುಮ್ಮನೆ’ಗೆ ಸಮನಾದ ಒಂದೇ ಪದವನ್ನು ಇಂಗ್ಲಿಷ್ ಓದಿದ ನಾನು ಆ ಭಾಷೆಯಲ್ಲಿ ಇನ್ನೂ ಕಂಡಿಲ್ಲ. ಕಾರಣವಿಲ್ಲ ಎನ್ನುತ್ತಲೇ ಅದು ಸಲುಗೆಯನ್ನು ಹೇಳುತ್ತದೆ.

ನಮ್ಮ ಸಂಘಗಳು ನಡೆಸುವ ಕನ್ನಡ ತರಗತಿಗಳಲ್ಲಿ ವರ್ಣಮಾಲೆ, ಹಣ್ಣು, ತರಕಾರಿ, ಪ್ರಾಣಿಗಳ ಹೆಸರುಗಳನ್ನು ಶ್ರದ್ಧೆಯಿಂದ ಕಲಿಸುತ್ತೇವೆ. ಅವುಗಳ ಜೊತೆಗೆ ಮಳೆ ಹೇಗೆ ಬಂತು, ಅಜ್ಜಿ ಹೇಗೆ ನಕ್ಕರು, ಬಾಗಿಲು ಹೇಗೆ ಮುಚ್ಚಿತು ಎಂದು ಮಕ್ಕಳನ್ನು ಕೇಳುವ ಪಾಠವೂ ಇರಲಿ. ಉತ್ತರವಾಗಿ ‘ಫಾಸ್ಟಾಗಿ’ ಬಂದರೆ ಗದರಿಸಬೇಕಿಲ್ಲ. ‘ದಬದಬ’, ‘ಧೋ’, ‘ಪಟಪಟ’ ಎಂಬ ಪದಗಳನ್ನು ಪಕ್ಕದಲ್ಲಿಟ್ಟರೆ ಯಾವುದು ಹೆಚ್ಚು ಹೇಳುತ್ತದೆಂಬುದನ್ನು ಅವರ ಕಿವಿಯೇ ಆರಿಸಿಕೊಳ್ಳುತ್ತದೆ.