ಕಾಯುವವಳ ಕೆಚ್ಚು

1986ನೆಯ ಇಸವಿಯ ಫೆಬ್ರವರಿ 21ರಂದು ಜಪಾನಿನ ಕ್ಯೋಟೊ ನಗರದ ನಿಂಟೆಂಡೊ ಸಂಸ್ಥೆಯು ‘ದಿ ಲೆಜೆಂಡ್ ಆಫ್ ಝೆಲ್ಡಾ’ ಎಂಬ ವಿಡಿಯೋ ಆಟವನ್ನು ಹೊರತಂದಿತು. 1889ರಲ್ಲಿ ಹೂವಿನ ಚಿತ್ರಗಳುಳ್ಳ ಆಟದ ಎಲೆಗಳನ್ನು ತಯಾರಿಸುತ್ತ ಬಾಳನ್ನಾರಂಭಿಸಿದ ಈ ಸಂಸ್ಥೆ ಕಾಲಾನುಕ್ರಮದಲ್ಲಿ ಪರದೆಯ ಮೇಲಿನ ಆಟಗಳ ಕಡೆಗೆ ಹೊರಳಿತ್ತು. ಶಿಗೆರು ಮಿಯಾಮೊಟೊ ಮತ್ತು ತಕಾಶಿ ತೆಜುಕಾ ಎಂಬ ಇಬ್ಬರ ನಿರ್ದೇಶನದಲ್ಲಿ ಸಿದ್ಧವಾದ ಈ ಆಟದ ಕಥೆ ಬಹು ಸರಳವಾದುದು. ಹೈರೂಲ್ ಎಂಬುದೊಂದು ಕಲ್ಪಿತ ರಾಜ್ಯ. ಅದರ ರಾಜಕುಮಾರಿ ಝೆಲ್ಡಾ. ಆಕೆಯನ್ನು ಸೆರೆಯಲ್ಲಿಟ್ಟ ದುಷ್ಟ ಗ್ಯಾನನ್. ಕತ್ತಿ ಹಿಡಿದು ಹೊರಟ ಲಿಂಕ್ ಎಂಬ ಬಾಲಕ. ಅಜ್ಜಿಯರು ಹೇಳುವ ಕಥೆಗಳನ್ನು ಕೇಳಿ ಬೆಳೆದ ಯಾರಿಗಾದರೂ ಮುಂದಿನದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆದರೆ ಈ ಕಥೆಯೊಳಗೆ ಇನ್ನೊಬ್ಬಳಿದ್ದಾಳೆ. ಆಕೆಯ ಹೆಸರು ಇಂಪಾ. ಝೆಲ್ಡಾಳನ್ನು ಎತ್ತಿ ಆಡಿಸಿದ ವೃದ್ಧ ದಾದಿ. ಗ್ಯಾನನ್ನನ ಸೈನ್ಯ ನುಗ್ಗಿದಾಗ ರಾಜಕುಮಾರಿಯು ಜ್ಞಾನದ ತ್ರಿಕೋನವನ್ನು ಎಂಟು ಚೂರುಗಳಾಗಿ ಮಾಡಿ ಅಡಗಿಸಿಟ್ಟು, ರಾಜ್ಯವನ್ನು ಉಳಿಸಬಲ್ಲ ಧೀರನೊಬ್ಬನನ್ನು ಹುಡುಕಿ ತರುವಂತೆ ಈ ಮುದುಕಿಯನ್ನು ಗುಟ್ಟಾಗಿ ಕಳುಹಿಸುತ್ತಾಳೆ. ಬೆನ್ನಟ್ಟಿ ಬಂದ ಭಟರಿಂದ ತಪ್ಪಿಸಿಕೊಳ್ಳುತ್ತ ಕಾಡುಮೇಡುಗಳನ್ನು ಅಲೆದು, ಕಾಲು ಸೋತು, ಇನ್ನೇನು ಸಿಕ್ಕಿಬಿದ್ದಳು ಎನ್ನುವಷ್ಟರಲ್ಲಿ ಲಿಂಕ್ ಅಡ್ಡ ಬಂದು ಕಾಪಾಡುತ್ತಾನೆ. ಆಕೆ ಹೇಳಿದ ವೃತ್ತಾಂತವನ್ನು ಕೇಳಿಯೇ ಆತ ಹೊರಡುವುದು. ವಿಚಿತ್ರವೆಂದರೆ ಇಷ್ಟೂ ಸಂಗತಿ ಇರುವುದು ಆಟದೊಡನೆ ಕೊಟ್ಟ ಕೈಪಿಡಿಯಲ್ಲಿ ಮಾತ್ರ. ಪರದೆಯ ಮೇಲೆ ಇಂಪಾ ಒಮ್ಮೆಯೂ ಕಾಣಿಸಿಕೊಳ್ಳುವುದಿಲ್ಲ. ಕೈಪಿಡಿಯನ್ನು ಓದದೆ ಆಡಲು ಕುಳಿತವನಿಗೆ, ತಾನು ಯಾರ ಮಾತನ್ನು ನಂಬಿ ಹೊರಟವನೆಂಬುದೇ ತಿಳಿಯದು.

ಮಕ್ಕಳ ವಿಡಿಯೋ ಆಟಗಳನ್ನು ಕುರಿತು ಗಂಭೀರವಾದ ಚರ್ಚೆಯೇ ಎಂದು ಹಿರಿಯರು ಹುಬ್ಬೇರಿಸುವುದು ಸಹಜ. ಆಟದ ಚಟದಿಂದ ಆಗುವ ಕಾಲಹರಣವನ್ನು ಅಲ್ಲಗಳೆಯುವಂತಿಲ್ಲ. ಆದರೆ ಸುಮಾರು ನಾಲ್ಕು ದಶಕಗಳಿಂದ ಲೋಕದ ಹಲವು ದೇಶಗಳ ಬಾಲಕ ಬಾಲಕಿಯರು ಈ ಕಥೆಯನ್ನು ಕೇಳುತ್ತಿಲ್ಲ, ನೋಡುತ್ತಲೂ ಇಲ್ಲ, ತಾವೇ ಅದರೊಳಗೆ ನಡೆಯುತ್ತಿದ್ದಾರೆ. ಅದು ಅವರಿಗೆ ಯಾರನ್ನು ವೀರರೆಂದು ತೋರಿಸಿಕೊಡುತ್ತಿದೆ ಎಂಬ ಪ್ರಶ್ನೆ ಶಿಕ್ಷಕರಾದವರಿಗೆ ಅಪ್ರಸ್ತುತವೇನಲ್ಲ.

ಕನ್ನಡದಲ್ಲಿ ‘ಕಾಯು’ ಎಂಬ ಧಾತುವಿನ ಅರ್ಥಗಳಲ್ಲಿ ಎರಡು ಇಲ್ಲಿ ಸಲ್ಲುತ್ತವೆ. ರಕ್ಷಿಸುವುದೂ ಕಾಯುವುದೇ, ನಿರೀಕ್ಷಿಸುವುದೂ ಕಾಯುವುದೇ. ಹೊಲ ಕಾಯುವವನು ಮಾಡುವುದು ಎರಡನ್ನೂ. ಇಂಪಾಳ ಚರಿತ್ರೆಯನ್ನು ಇದಕ್ಕಿಂತ ಅಡಕವಾಗಿ ಹೇಳುವ ಮಾತು ಬೇರೆ ಭಾಷೆಗಳಲ್ಲಿ ಸುಲಭವಾಗಿ ಸಿಗಲಾರದು.

ಮೊದಲೇ ಹೇಳಬೇಕಾದ ಒಂದು ಮಾತುಂಟು. ಈ ಸರಣಿಯ ಹಲವು ಆಟಗಳಲ್ಲಿ ಬರುವ ಇಂಪಾ ಒಬ್ಬಳೇ ವ್ಯಕ್ತಿಯಲ್ಲ. ಯುಗಗಳು ಉರುಳುತ್ತವೆ, ಹೊಸ ಲಿಂಕ್ ಹುಟ್ಟುತ್ತಾನೆ, ಹೊಸ ಝೆಲ್ಡಾ ಹುಟ್ಟುತ್ತಾಳೆ. ಹಲವೆಡೆ ಅವರೊಡನೆ ಇಂಪಾ ಎಂಬ ಹೆಸರಿನವಳೊಬ್ಬಳೂ ಇರುತ್ತಾಳೆ. ಒಂದೆಡೆ ಬಾಗಿದ ಬೆನ್ನಿನ ಮುದುಕಿ, ಇನ್ನೊಂದೆಡೆ ನೀಳಕಾಯದ ಯೋಧೆ, ಮತ್ತೊಂದೆಡೆ ಸ್ಥೂಲಕಾಯದ ದಾದಿ. ಹೀಗಾಗಿ ಅದನ್ನು ಹೆಸರೆನ್ನುವುದಕ್ಕಿಂತ ತಲೆಮಾರಿನಿಂದ ತಲೆಮಾರಿಗೆ ದಾಟುವ ಒಂದು ಹೊಣೆಯೆನ್ನುವುದು ಹೆಚ್ಚು ಸರಿಯಾದೀತು. 2006ರ ‘ಟ್ವೈಲೈಟ್ ಪ್ರಿನ್ಸೆಸ್’ ಆಟದಲ್ಲಿ ಪಾಳುಬಿದ್ದ ಗುಪ್ತಗ್ರಾಮವೊಂದರಲ್ಲಿ ಒಂಟಿಯಾಗಿ ಉಳಿದ ಇಂಪಾಜ್ ಎಂಬ ವೃದ್ಧೆಯಿದ್ದಾಳೆ. ಆ ಗ್ರಾಮವನ್ನು ಕಟ್ಟಿದವಳ ಹೆಸರನ್ನೇ ತನಗೆ ಇಡಲಾಗಿದೆಯೆಂದು ಆಕೆ ಹೇಳಿಕೊಳ್ಳುತ್ತಾಳೆ. ಎಂದಾದರೂ ಬರಲಿರುವ ದೂತನಿಗೆ ಒಪ್ಪಿಸಬೇಕಾದ ಪುರಾತನ ಗ್ರಂಥವೊಂದನ್ನು ಇಟ್ಟುಕೊಂಡು, ಊರೆಲ್ಲ ಬರಿದಾದರೂ ಕದಲದೆ ಕುಳಿತವಳು ಆಕೆ.

ಇಂಪಾಳಿಗೆ ನಿಜವಾದ ವ್ಯಕ್ತಿತ್ವ ಬಂದದ್ದು 1998ರ ನವೆಂಬರಿನಲ್ಲಿ ಹೊರಬಂದ ‘ಒಕರೀನಾ ಆಫ್ ಟೈಮ್’ ಎಂಬ ಆಟದಲ್ಲಿ. ಅಲ್ಲಿ ಆಕೆ ಶೀಕಾ ಎಂಬ ಜನಾಂಗದವಳು. ರಾಜವಂಶದ ನೆರಳಾಗಿ ಬಾಳುವುದೇ ಈ ಜನಾಂಗದ ಕುಲಧರ್ಮ. ಅರಮನೆಯ ತೋಟದಲ್ಲಿ ಲಿಂಕ್ ಝೆಲ್ಡಾಳನ್ನು ಕಂಡು ಹೊರಡುವಾಗ ಇಂಪಾ ಆತನಿಗೆ ಆಯುಧವನ್ನು ಕೊಡುವುದಿಲ್ಲ. ಒಂದು ಜೋಗುಳವನ್ನು ಕಲಿಸುತ್ತಾಳೆ. ಹಸುಗೂಸಾಗಿದ್ದಾಗಿನಿಂದ ತಾನು ಝೆಲ್ಡಾಳಿಗೆ ಕೇಳಿಸುತ್ತ ಬಂದ ರಾಗವದು. ಕೋಜಿ ಕೊಂಡೊ ಸಂಯೋಜಿಸಿದ ಈ ಪುಟ್ಟ ರಾಗವನ್ನು ಆಟಗಾರನು ಗುಂಡಿಗಳನ್ನೊತ್ತಿ ತಾನೇ ನುಡಿಸಬೇಕು. ಮುಂದೆ ರಾಜಮುದ್ರೆಯಿರುವ ಸ್ಥಳಗಳಲ್ಲಿ ಅದನ್ನು ನುಡಿಸಿದರೆ ಮುಚ್ಚಿದ ದಾರಿಗಳು ತೆರೆಯುತ್ತವೆ. ಧುಮ್ಮಿಕ್ಕುವ ಜಲಪಾತವೊಂದು ಇಬ್ಭಾಗವಾಗಿ ಒಳಗೆ ಬಿಟ್ಟುಕೊಳ್ಳುತ್ತದೆ. ತೊಟ್ಟಿಲ ಹಾಡು ರಾಜಾಜ್ಞೆಯ ಮುದ್ರೆಯಾಗುತ್ತದೆ. ಕಥೆಗಾರರ ಈ ಕಲ್ಪನೆಗೆ ತಲೆದೂಗದಿರುವುದು ಕಷ್ಟ.

ಅನಂತರ ಗ್ಯಾನನ್‌ಡಾರ್ಫ್ ಅರಮನೆಯನ್ನು ಆಕ್ರಮಿಸುತ್ತಾನೆ. ಬಿರುಮಳೆಯ ರಾತ್ರಿಯಲ್ಲಿ ತೂಗುಸೇತುವೆ ಕೆಳಗಿಳಿದು, ಕುದುರೆಯ ಮೇಲೆ ರಾಜಕುಮಾರಿಯನ್ನು ಕೂರಿಸಿಕೊಂಡು ಇಂಪಾ ಮಿಂಚಿನಂತೆ ಹೊರಟುಹೋಗುತ್ತಾಳೆ. ಅಲ್ಲಿಂದ ಏಳು ವರ್ಷ ಲಿಂಕ್ ನಿದ್ರೆಯಲ್ಲಿರುತ್ತಾನೆ. ನಾಯಕನು ಮಲಗಿದ ಆ ಏಳು ವರ್ಷಗಳಲ್ಲಿ ರಾಜ್ಯ ಹಾಳಾಗುತ್ತದೆ. ಆದರೂ ರಾಜಕುಮಾರಿ ಬದುಕಿ ಉಳಿಯುತ್ತಾಳೆ; ಬರಿದೆ ಉಳಿಯುವುದಲ್ಲ, ಶೀಕಾ ಯುವಕನ ವೇಷದಲ್ಲಿ, ಆ ಜನಾಂಗದ ನಡೆನುಡಿ ಚಾತುರ್ಯಗಳನ್ನೆಲ್ಲ ಮೈಗೂಡಿಸಿಕೊಂಡು, ಲಿಂಕನಿಗೆ ದಾರಿ ತೋರುವಷ್ಟು ಸಮರ್ಥಳಾಗಿ ಎದುರು ನಿಲ್ಲುತ್ತಾಳೆ. ಹತ್ತು ವರ್ಷದ ಒಬ್ಬ ಅರಮನೆಯ ಹುಡುಗಿಯನ್ನು ಹೀಗೆ ತಿದ್ದಿ ತೀಡಿದವರು ಯಾರು? ಉತ್ತರ ಸ್ಪಷ್ಟವಿದೆ. ಆದರೆ ಆ ಏಳು ವರ್ಷಗಳ ಒಂದು ದಿನವನ್ನಾದರೂ ಆಟ ತೋರಿಸುವುದಿಲ್ಲ. ನಾಯಕ ಕಣ್ಣು ಮುಚ್ಚುತ್ತಾನೆ, ಕಣ್ಣು ತೆರೆಯುತ್ತಾನೆ; ನಡುವಿನದು ಕಥೆಗೆ ಬೇಡವಾಗಿದೆ. ಕತ್ತಿಯ ಒಂದೊಂದು ಏಟಿಗೂ ಪರದೆಯ ಮೇಲೆ ಸ್ಥಾನವುಂಟು, ಪಾಠ ಹೇಳಿದ ಏಳು ವರ್ಷಗಳಿಗೆ ಇಲ್ಲ. ಈ ಕೃತಿಯನ್ನು ಮುಕ್ತಕಂಠದಿಂದ ಹೊಗಳಿದ ವಿಮರ್ಶಕರು ಅನೇಕರು. ಈ ಮೌನವಾದರೂ ಅದರ ದೊಡ್ಡ ಕೊರತೆಯೆಂದೇ ಹೇಳಬೇಕು.

ಆಕೆಯ ದುಡಿಮೆ ಅಲ್ಲಿಗೂ ಮುಗಿಯುವುದಿಲ್ಲ. ಶೀಕಾಗಳದಾಗಿದ್ದ ಕಕಾರಿಕೊ ಎಂಬ ಹಳ್ಳಿಯನ್ನು ಸಾಮಾನ್ಯ ಜನರಿಗೆ ತೆರೆದುಕೊಟ್ಟವಳು ಇಂಪಾ. ಆ ಊರ ಬಾವಿಯೊಳಗೆ ಬಂಧಿತವಾಗಿದ್ದ ಪಿಶಾಚಿಯೊಂದು ಮುದ್ರೆಯನ್ನು ಮುರಿದು ಹೊರಬಿದ್ದು ಮನೆಗಳು ಹೊತ್ತಿ ಉರಿಯುವಾಗ, ಅದನ್ನು ಮತ್ತೆ ಬಂಧಿಸಲು ಒಂಟಿಯಾಗಿ ನೆರಳಿನ ಗುಡಿಗೆ ಹೋದವಳೂ ಆಕೆಯೇ. ಕೊನೆಗೆ ಆ ಗುಡಿಯ ಋಷಿಣಿಯಾಗಿ ಅಲ್ಲಿಯೇ ಉಳಿಯಬೇಕಾಗುತ್ತದೆ. ಆಗಲೂ ಲಿಂಕನಲ್ಲಿ ಕೇಳಿಕೊಳ್ಳುವುದು ಒಂದೇ: ತನಗೆ ಬದಲಾಗಿ ರಾಜಕುಮಾರಿಯನ್ನು ನೋಡಿಕೊಳ್ಳಬೇಕೆಂಬುದು.

ಆ ನೆರಳಿನ ಗುಡಿ ಎಂಥದು? ಹೈರೂಲಿನ ದುರಾಸೆ ಮತ್ತು ದ್ವೇಷಗಳ ರಕ್ತಸಿಕ್ತ ಚರಿತ್ರೆಯೆಲ್ಲ ಅಲ್ಲಿ ಸಂಚಯಗೊಂಡಿದೆಯೆಂದು ಆಟವೇ ಹೇಳುತ್ತದೆ. ಅಲ್ಲಿ ಚಿತ್ರಹಿಂಸೆಯ ಉಪಕರಣಗಳಿವೆ, ಎಲುಬಿನ ರಾಶಿಗಳಿವೆ. ಬೆಳಕಿನಲ್ಲಿ ನಿಂತ ಸಿಂಹಾಸನದ ಪರವಾಗಿ ಕತ್ತಲೆಯಲ್ಲಿ ನಡೆದ ಕೃತ್ಯಗಳಿಗೆ ಶೀಕಾಗಳ ಕೈಯೂ ತಗುಲಿತ್ತೆಂಬ ಸೂಚನೆಯನ್ನು ಮರೆಯುವಂತಿಲ್ಲ. 2017ರ ‘ಬ್ರೆತ್ ಆಫ್ ದಿ ವೈಲ್ಡ್’ ಈ ಗಾಯವನ್ನು ಇನ್ನಷ್ಟು ಬಿಡಿಸಿ ತೋರಿಸುತ್ತದೆ. ಹತ್ತು ಸಾವಿರ ವರ್ಷಗಳ ಹಿಂದೆ ಶೀಕಾಗಳ ಯಂತ್ರವಿದ್ಯೆಯ ಬಲದಿಂದಲೇ ಗ್ಯಾನನ್ನನನ್ನು ಅಡಗಿಸಲಾಯಿತು. ಆದರೆ ಗೆದ್ದ ಮೇಲೆ ರಾಜ್ಯಕ್ಕೆ ಅದೇ ವಿದ್ಯೆಯ ಭಯ ಹುಟ್ಟಿ, ಆ ಜನರನ್ನೇ ಶಂಕಿಸಿ ದೂರವಿಟ್ಟಿತು. ಅವರಲ್ಲಿ ಕೆಲವರು ವಿದ್ಯೆಯನ್ನು ತೊರೆದು ಹೊಲಮನೆಗಳ ಸಾಧಾರಣ ಬಾಳನ್ನು ಒಪ್ಪಿಕೊಂಡರು. ಕೆಲವರು ಸಿಟ್ಟಿನಿಂದ ಯೀಗಾ ಎಂಬ ಪಂಗಡವಾಗಿ ಒಡೆದು ಗ್ಯಾನನ್ನನ ಪಕ್ಷವನ್ನೇ ಸೇರಿದರು. ಯೀಗಾಗಳ ಸಿಟ್ಟು ನಿಷ್ಕಾರಣವಾದುದೆಂದು ಯಾರೂ ಹೇಳಲಾರರು. ಅನ್ಯಾಯವನ್ನುಂಡ ಕುಲದಲ್ಲಿ ಹುಟ್ಟಿಯೂ ಇಂಪಾ ದ್ವೇಷದ ದಾರಿಯನ್ನು ಹಿಡಿಯಲಿಲ್ಲ. ಇದನ್ನು ಅರಿಯದೆ ಆಕೆಯ ನಿಷ್ಠೆಯನ್ನು ಮನೆಯಾಳಿನ ವಿಧೇಯತೆಯೆಂದು ಬಗೆಯುವುದು ತಪ್ಪಾದೀತು. ತನ್ನವರನ್ನು ಒಮ್ಮೆ ನೂಕಿದ ಅರಸುಮನೆಯ ಮಗುವನ್ನು ಮಗುವೆಂದೇ ಎತ್ತಿಕೊಳ್ಳುವುದಕ್ಕೆ ಬೇಕಾದ ಎದೆಗಾರಿಕೆ ಬೇರೆಯದು.

ಕಾಯುವವಳು ಎಡವಿದರೆ ಏನಾದೀತೆಂಬುದನ್ನೂ ಈ ಸರಣಿ ತೋರಿಸಿದೆ. 2001ರ ‘ಒರಾಕಲ್ ಆಫ್ ಏಜಸ್’ ಆಟದಲ್ಲಿ ವೆರಾನ್ ಎಂಬ ಮಾಟಗಾತಿ ಇಂಪಾಳ ಮೈಯನ್ನೇ ಹೊಕ್ಕಿರುತ್ತಾಳೆ. ಪವಿತ್ರ ಚಿಹ್ನೆಯಿರುವ ಬಂಡೆಯನ್ನು ದುಷ್ಟಶಕ್ತಿ ಮುಟ್ಟಲಾರದಾದ್ದರಿಂದ, ಇಂಪಾಳ ಬಾಯಿಂದಲೇ ಹೇಳಿಸಿ ಲಿಂಕನ ಕೈಯಿಂದ ಅದನ್ನು ಸರಿಸಲಾಗುತ್ತದೆ. ಬಾಲಕ ಒಂದಿಷ್ಟೂ ಅನುಮಾನಪಡುವುದಿಲ್ಲ. ಹಿರಿಯರ ಮೇಲಿನ ನಂಬಿಕೆ ಎಷ್ಟು ಬೆಲೆಯುಳ್ಳದ್ದೋ ಅಷ್ಟೇ ಅಪಾಯಕರವೂ ಹೌದು.

ಇಂಪಾಳ ಕಥೆಯ ತುತ್ತತುದಿ 2011ರ ‘ಸ್ಕೈವರ್ಡ್ ಸೋರ್ಡ್’. ಸರಣಿಯ ಕಾಲಗಣನೆಯಲ್ಲಿ ಇದೇ ಎಲ್ಲಕ್ಕಿಂತ ಮೊದಲ ಕಥೆ. ಇಲ್ಲಿ ತರುಣಿ ಇಂಪಾ ಬಿರುಸಿನವಳು. ತಡವಾಗಿ ಬಂದ ಲಿಂಕನನ್ನು ಮುಖಕ್ಕೆ ಹೊಡೆದಂತೆ ಗದರುತ್ತಾಳೆ. ವೈರಿಯನ್ನು ತಡೆದು, ಝೆಲ್ಡಾಳೊಡನೆ ಕಾಲದ್ವಾರವನ್ನು ದಾಟಿ ಸಹಸ್ರಾರು ವರ್ಷಗಳ ಹಿಂದಿನ ಕಾಲಕ್ಕೆ ಹೋಗುತ್ತಾಳೆ. ಲಿಂಕನಿಗಾದರೋ ಆಟದ ಆದಿಯಿಂದಲೂ ದಾರಿ ಹೇಳುತ್ತಿದ್ದವಳು ಮುದ್ರಿತ ಗುಡಿಯ ಹೆಸರಿಲ್ಲದ ಮುದುಕಿ. ನೆಲಮುಟ್ಟುವ ಆಕೆಯ ಜಡೆ ಗಡಿಯಾರದ ಲೋಲಕದಂತೆ ಅತ್ತಿತ್ತ ತೂಗುತ್ತಿರುತ್ತದೆ. ಕೊನೆಯಲ್ಲಿ ಎಲ್ಲ ಗೆದ್ದಾದ ಮೇಲೆ ತಮ್ಮೊಡನೆ ಬರುವಂತೆ ಝೆಲ್ಡಾ ಬೇಡಿಕೊಂಡರೂ ಇಂಪಾ ಒಪ್ಪುವುದಿಲ್ಲ. ತಾನು ಹಿಂದಿನ ಕಾಲದಲ್ಲಿಯೇ ಉಳಿದು ಕಾಯಬೇಕಾದುದಿದೆ. ಝೆಲ್ಡಾ ತನ್ನ ಕೈಯ ಕಡಗವನ್ನು ಬಿಚ್ಚಿ ಆಕೆಗೆ ಕೊಡುತ್ತಾಳೆ. ಅವರು ತಮ್ಮ ಕಾಲಕ್ಕೆ ಮರಳಿದಾಗ ಆ ಮುದುಕಿಯ ಕೈಯಲ್ಲಿ ಅದೇ ಕಡಗ. ಒಬ್ಬರಿಗೆ ಕ್ಷಣವೊಂದು ಕಳೆದಿತ್ತು, ಇನ್ನೊಬ್ಬಳಿಗೆ ಸಾವಿರಾರು ವರ್ಷ. ಬಂದವರನ್ನು ಕಣ್ತುಂಬ ನೋಡಿ ಆಕೆ ಬೆಳಕಾಗಿ ಕರಗಿಹೋಗುತ್ತಾಳೆ. ಕಡಗ ನೆಲದ ಮೇಲೆ ಉಳಿಯುತ್ತದೆ.

ಇಷ್ಟಾದರೂ ಇಂಪಾ ಸುದ್ದಿ ಹೇಳಲು ನಿಲ್ಲಿಸಿದ ಬೊಂಬೆಯಷ್ಟೇ, ಆಟಗಾರನಿಗೆ ಮುಂದಿನ ದಾರಿ ತೋರಿಸುವ ಕೈಮರವಷ್ಟೇ ಎಂದು ವಾದಿಸುವವರಿದ್ದಾರೆ. ಆಟದ ಯಾಂತ್ರಿಕ ರಚನೆಯನ್ನಷ್ಟೇ ನೋಡಿದರೆ ಈ ಮಾತಿನಲ್ಲಿ ಸತ್ಯಾಂಶವಿಲ್ಲದಿಲ್ಲ. ಸರಣಿಯ ಮುಖ್ಯ ಕೃತಿಗಳಲ್ಲಿ ಆಟಗಾರನು ಇಂಪಾಳಾಗಿ ಆಡುವ ಅವಕಾಶ ಬಂದಿಲ್ಲ. 2014ರ ‘ಹೈರೂಲ್ ವಾರಿಯರ್ಸ್’ ಮತ್ತು 2020ರ ‘ಏಜ್ ಆಫ್ ಕಲಾಮಿಟಿ’ ಎಂಬ ಉಪಶಾಖೆಯ ಆಟಗಳಲ್ಲಿ ಆ ಅವಕಾಶ ಸಿಕ್ಕಿತು. ಅಲ್ಲಿ ಆಕೆ ನೂರಾರು ವೈರಿಗಳನ್ನು ಒಬ್ಬಳೇ ಕೆಡೆದು ಹಾಕುತ್ತಾಳೆ. ಇದರಿಂದ ಇಂಪಾಳಿಗೆ ನ್ಯಾಯ ದೊರಕಿತೆಂದು ಹರ್ಷಪಟ್ಟವರುಂಟು. ಆದರೆ ಲಿಂಕನನ್ನು ಅಳೆಯುವ ಕೋಲಿನಿಂದಲೇ ಇಂಪಾಳನ್ನೂ ಅಳೆದಂತಾಯಿತೇ ಹೊರತು ಆಕೆಯ ಕೋಲನ್ನು ಯಾರೂ ಕೈಗೆತ್ತಿಕೊಳ್ಳಲಿಲ್ಲ. ಹೊಡೆದಾಟವನ್ನು ಗುಂಡಿಯೊತ್ತಿ ಆಡಬಹುದು. ಒಂದು ಮಗುವನ್ನು ಏಳು ವರ್ಷ ಅಡಗಿಸಿಟ್ಟು ಬೆಳೆಸುವುದನ್ನು ಆಡಿಸುವ ಬಗೆಯನ್ನು ಈ ಕಲೆ ಇನ್ನೂ ಹುಡುಕಿಕೊಂಡಂತಿಲ್ಲ. ಜೋಗುಳವನ್ನು ಆಯುಧವಾಗಿಸಬಲ್ಲವರಿಗೆ ಇದು ಅಸಾಧ್ಯವೆಂದು ನಂಬುವುದೂ ಕಷ್ಟವೇ.

‘ಬ್ರೆತ್ ಆಫ್ ದಿ ವೈಲ್ಡ್’ನ ಇಂಪಾ ನೂರು ವರ್ಷ ದಾಟಿದವಳು, ಕಕಾರಿಕೊ ಊರಿನ ಹಿರಿಯಳು. ಸೋತು ಗಾಯಗೊಂಡು ದೀರ್ಘನಿದ್ರೆಗೆ ಸಂದ ಲಿಂಕ್ ಏಳುವವರೆಗೂ ಝೆಲ್ಡಾಳ ಸಂದೇಶವನ್ನು ನೆನಪಿನಲ್ಲಿ ಕಾಪಿಟ್ಟವಳು. ಆತ ಎಚ್ಚತ್ತು ಬಂದಾಗ ಅವನಿಗೆ ಏನೂ ನೆನಪಿಲ್ಲ. ಆಕೆ ಒಡನೆಯೇ ಎಲ್ಲವನ್ನೂ ಅವನ ತಲೆಯ ಮೇಲೆ ಹೇರುವುದಿಲ್ಲ. ಪ್ರಾಣವನ್ನೇ ಪಣವಾಗಿಡಲು ಸಿದ್ಧನಿರುವೆಯಾ ಎಂದು ಮೊದಲು ಕೇಳಿ, ಸಿದ್ಧನಾಗಿ ಬಂದ ಮೇಲಷ್ಟೇ ಹೇಳುತ್ತಾಳೆ. ಅಷ್ಟು ದೀರ್ಘಕಾಲ ಮಾತೊಂದನ್ನು ಎದೆಯಲ್ಲಿ ಹೊತ್ತವಳಿಗೆ, ಕೇಳುವವನು ಎದುರಿಗೇ ಬಂದು ನಿಂತಾಗಲೂ ತಡೆದು ನಿಲ್ಲುವ ತಾಳ್ಮೆ!

2023ರ ಮೇ 12ರಂದು ಬಂದ ‘ಟಿಯರ್ಸ್ ಆಫ್ ದಿ ಕಿಂಗ್‌ಡಮ್’ ಇದೇ ಇಂಪಾಳ ಮುಂದಿನ ದಿನಗಳನ್ನು ಹೇಳುತ್ತದೆ. ಊರ ಹಿರಿತನವನ್ನು ಮೊಮ್ಮಗಳು ಪಾಯಾಳಿಗೆ ವಹಿಸಿಕೊಟ್ಟು ಆಕೆ ಹೊರಗೆ ಹೊರಟುಬಿಟ್ಟಿದ್ದಾಳೆ. ನೆಲದ ಮೇಲೆ ಹಠಾತ್ತನೆ ಮೂಡಿದ ಭಾರೀ ಚಿತ್ರಗಳ ಮರ್ಮವನ್ನು ಅರಿಯುವ ಹಂಬಲ ಆಕೆಯದು. ಹತ್ತಿರದಿಂದ ನೋಡಿದರೆ ಬರಿಯ ಗೀಟುಗಳು. ಮೇಲಿನಿಂದ ನೋಡಿದರೆ ಮಾತ್ರ ಆಕಾರ. ಅದಕ್ಕಾಗಿ ಬಿಸಿಗಾಳಿಯ ಬೆಲೂನೊಂದನ್ನು ಸಿದ್ಧಪಡಿಸಿ, ಲಿಂಕನ ನೆರವಿನಿಂದ ಬೆಂಕಿ ಹೊತ್ತಿಸಿ, ಆ ಮುದುಕಿ ಆಕಾಶಕ್ಕೇರುತ್ತಾಳೆ. ಕೆಳಗೆ ಹುಲ್ಲುಗಾವಲು ಸಣ್ಣದಾಗುತ್ತ ಹೋಗಿ ಚಿತ್ರ ಇಡಿಯಾಗಿ ಕಾಣಿಸುತ್ತದೆ.